ಹೊಳೆಯ ಅಗಲ ಹೇಳಬೇಡಿ

ಮಂಡಿಪೇಟೆ, ದಾವಣಗೆರೆ
೨೦-೬-೧೯೫೮

ಪೂಜ್ಯ ವಾಮದೇವಪ್ಪ ಮೇಷ್ಟ್ರಿಗೆ ಮರುಳಸಿದ್ದಮ್ಮನ ಶರಣು ಶರಣಾರ್ಥಿಗಳು.

ಯಾವ ಮರುಳಸಿದ್ದಮ್ಮ ಎಂದು ಹುಬ್ಬು ಗಂಟಿಕ್ಕಬೇಡಿ. ಕಡರನಾಯಕನಹಳ್ಳಿಯಿಂದ ಬಂದು ಹರಿಹರದ ಸೋದರಮಾವನ ಮನೆಯಲ್ಲಿದ್ದುಕೊಂಡು ನಿಮ್ಮ ಶಾಲೆಗೆ ಬರುತ್ತಿದ್ದವಳು. ಭಾಗಾಕಾರ ಬಿಟ್ಟು ಕಿಟಕಿಯಿಂದ ಹೊಳೆ ನೋಡುತ್ತಿದ್ದವಳು. "ಹೊಳೆ ಬಂದು ನಿನ್ನ ಲೆಕ್ಕ ಮಾಡಿಕೊಡಂಗಿಲ್ಲ, ಇತ್ತ ನೋಡವ್ವ" ಎಂದು ನೀವು ದಿನವೂ ಹೇಳುತ್ತಿದ್ದಿರಿ. ಈಗ ನೆನಪಾಗಿರಬೇಕು.

ನನ್ನನ್ನು ದಾವಣಗೆರೆಗೆ ಕೊಟ್ಟ ವಿಷಯ ನಿಮಗೆ ಗೊತ್ತು. ನಮ್ಮನೆಯವರದು ಮಂಡಿಪೇಟೆಯಲ್ಲಿ ಹತ್ತಿಯ ದಲಾಲಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಬಾಗಿಲು. ಆ ಬಾಗಿಲು ದಾಟಿ ಹೆಂಗಸರು ಮುಂದೆ ಹೋಗುವ ಪದ್ಧತಿ ಇಲ್ಲ. ನನಗೆ ಇಬ್ಬರು ಹೆಣ್ಣುಮಕ್ಕಳು. ಹಾಲಮ್ಮನಿಗೆ ಹನ್ನೆರಡು, ಸರ್ವಮಂಗಳನಿಗೆ ಹತ್ತು. ನಾಲ್ಕನೇ ಕ್ಲಾಸಾದ ಮೇಲೆ ನಮ್ಮ ಅತ್ತೆಯವರು ಇಬ್ಬರನ್ನೂ ಶಾಲೆ ಬಿಡಿಸಿದರು. ಗಾಡಿ, ಲಾರಿ, ಹಮಾಲರು ಓಡಾಡುವ ಬೀದಿಯಲ್ಲಿ ಮನೆಯ ಹೆಣ್ಣುಮಕ್ಕಳು ಪಾಟಿ ಹಿಡಿದು ಹೋಗಬಾರದಂತೆ. ಅಂದಿನಿಂದ ಮಧ್ಯಾಹ್ನ ಊಟದ ಮುಸುರೆ ತೊಳೆದ ಮೇಲೆ ಪಡಸಾಲೆಯಲ್ಲಿ ನಾನೇ ಓದಿಸುತ್ತೇನೆ. ಶಾಲೆಯ ಲೆಕ್ಕದ ಪುಸ್ತಕ ಮುಗಿದಿದೆ. ಅದರಾಚೆ ಏನು ಕೊಡಬೇಕೆಂದು ನನಗೆ ತಿಳಿಯದು. ಹೆಚ್ಚಿನ ಲೆಕ್ಕ ಆರಿಸಿ ಕಳಿಸುತ್ತೀರಾ?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಬ್ಬರೂ ಜಾಣೆಯರಲ್ಲ, ದಡ್ಡಿಯರೂ ಅಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಆದರೆ ನನ್ನ ಹೆಗ್ಗಣಗಳ ಅಳತೆ ನನಗೆ ಗೊತ್ತು.

ನಮ್ಮನೆಯವರು ಹೇಳಿಬಿಟ್ಟಿದ್ದಾರೆ: "ಯುಗಾದಿ ತನಕ ಓದ್ಲಿ. ಆಮ್ಯಾಲೂ ಓದಬೇಕಂದ್ರ, ಹುಡುಗಿ ಜಾಣೆ ಅಂತ ನಿಮ್ಮ ಮೇಷ್ಟ್ರು ಬರೆದುಕೊಡ್ಲಿ. ಇಲ್ಲಾಂದ್ರ ಪಾಟಿ ಅಟ್ಟಕ್ಕೆ ಹಾಕು." ಅವರ ಮಾತು ಬಾಯಿಂದ ಬಂತೆಂದರೆ ಮಂಡಿಯಲ್ಲಿ ಹರಾಜಿನ ಸವಾಲು ಮುಗಿದ ಹಾಗೆ. ನಿಮ್ಮ ಕೈಯಲ್ಲಿದೆ ಮೇಷ್ಟ್ರೇ.

ನಿಮ್ಮ ಶಿಷ್ಯೆ
ಮರುಳಸಿದ್ದಮ್ಮ

ಹರಿಹರ
೨೮-೬-೧೯೫೮

ಚಿ. ಸೌ. ಮರುಳಸಿದ್ದಮ್ಮನಿಗೆ ವಾಮದೇವಪ್ಪನ ಆಶೀರ್ವಾದಗಳು.

ನನ್ನ ಕಣ್ಣು ತಪ್ಪಿಸಿ ಹೊಳೆ ನೋಡಿದವರು ಬಹಳ ಮಂದಿ. ನನ್ನ ಕಣ್ಣೆದುರಿಗೇ ನೋಡಿದವಳು ನೀನೊಬ್ಬಳು. ಮರೆಯುವುದು ಹೇಗೆ? ಕೆಲಸದಿಂದ ಬಿಡುಗಡೆಯಾದ ಮೇಲೆ ನನಗೂ ಈಗ ಅದೇ ಉದ್ಯೋಗ. ಬೆಳಿಗ್ಗೆ ಹೋಗಿ ಹೊಳೆಯ ಮೆಟ್ಟಿಲ ಮೇಲೆ ಕೂತರೆ ಬಿಸಿಲು ನೆತ್ತಿಗೆ ಬರುವ ತನಕ ಎದ್ದೇಳುವ ಮನಸ್ಸಾಗುವುದಿಲ್ಲ. ಮೊದಲ ಕೆಂಪು ನೀರು ಬಂದಿದೆ.

ನನ್ನ ಬಳಿ ಒಂದು ಪೆಟ್ಟಿಗೆ ತುಂಬ ಲೆಕ್ಕಗಳಿವೆ. ಆದರೆ ಅವನ್ನೆಲ್ಲ ನಾನು ಕೂಡಿಟ್ಟದ್ದು ಚುರುಕು ಮಕ್ಕಳಿಗಾಗಿ. ಅವುಗಳನ್ನು ಬಿಡಿಸಿದ ಹುಡುಗರು ಇಂಜಿನಿಯರು, ಅಮಲ್ದಾರು ಆಗಿದ್ದಾರೆ. ನಡುವಿನ ಮಕ್ಕಳಿಗೆ ಹೆಚ್ಚಿನ ಲೆಕ್ಕ ಯಾಕೆ ಎಂಬುದು ನನಗೆ ಇನ್ನೂ ಅರ್ಥವಾಗಿಲ್ಲ. ಹೊಟ್ಟೆ ತುಂಬಿದವರಿಗೆ ಬಡಿಸಿದ ಹಾಗಲ್ಲವೆ? ಇರಲಿ, ಕೇಳಿದವಳು ನೀನು. ಇದರೊಳಗೆ ಒಂದು ಇಟ್ಟಿದ್ದೇನೆ: ತೊಟ್ಟಿಗೆ ಎರಡು ನಲ್ಲಿ, ಕೆಳಗೊಂದು ತೂತು, ತುಂಬಲು ಎಷ್ಟು ಹೊತ್ತು? ಇನ್ನು ಮೇಲೆ ಲೆಕ್ಕಗಳನ್ನು ಕಾರ್ಡಿನಲ್ಲಿ ಅಂಗಡಿಯ ವಿಳಾಸಕ್ಕೆ ಬರೆಯುತ್ತೇನೆ. ಮನೆಮಾತು ಇದ್ದರೆ ಕವರು.

ಜಾಣೆಯಾಗಿದ್ದರೆ ಜಾಣೆ ಎಂದು ಬರೆದುಕೊಡುತ್ತೇನೆ. ಅಲ್ಲದಿದ್ದರೆ ನೀನು ಅತ್ತರೂ ಬರೆಯಲಾರೆ. ನನ್ನ ಹಠ ನಿನಗೆ ಗೊತ್ತು.

ವಾಮದೇವಪ್ಪ

ದಾವಣಗೆರೆ
೧೪-೭-೧೯೫೮

ಪೂಜ್ಯ ಮೇಷ್ಟ್ರಿಗೆ ಶರಣು.

ತೊಟ್ಟಿಯ ಲೆಕ್ಕಕ್ಕೆ ಮಂಗಳ ಅತ್ತಳು. ಹಾಲಮ್ಮ ಅಳಲಿಲ್ಲ. "ಅವ್ವ, ಅವರ ಮನೇಲಿ ತೂತು ಮುಚ್ಚೋರು ಯಾರೂ ಇಲ್ಲೇನು?" ಎಂದು ಕೇಳಿದಳು.

ಆಮೇಲೆ ಕಾರ್ಡಿನಲ್ಲಿ ನೀವು ಕಳಿಸಿದ ಮಾವಿನಹಣ್ಣು ಹಂಚುವ ಲೆಕ್ಕ ಬಂತು. ಅದನ್ನು ಅವರು ನಿಂತ ನಿಲುವಿನಲ್ಲೇ ಮಾಡಿದರು. ಹಾಲಮ್ಮ ಮುಖ ಊದಿಸಿಕೊಂಡು, "ಮೇಷ್ಟ್ರು ನಮ್ಮನ್ನ ಏನಂತ ತಿಳ್ಕಂಡಾರ?" ಅಂದಳು. ನೋಡಿದಿರಾ, ಬಾರದಿದ್ದರೆ ಅಳು, ಸುಲಭವಾದರೆ ಅವಮಾನ. ನಡುವಿನ ಮಕ್ಕಳ ಹಣೆಬರಹವೇ ಇಷ್ಟು. ಯಾರ ಪಂಕ್ತಿಯಲ್ಲೂ ಅವರ ಎಲೆ ಸರಿಯಾಗಿ ಬೀಳುವುದಿಲ್ಲ.

ನಮ್ಮ ಅಡುಗೆಮನೆಯಲ್ಲಿ ಬೆಣ್ಣೆಯ ಗಡಿಗೆ ಇಡುವ ನೆಲುವು ಇದೆಯಲ್ಲ, ಅದು ನೆಲದ ಮೇಲೆ ನಿಂತರೆ ಮಕ್ಕಳಿಗೆ ಸಿಗುವುದಿಲ್ಲ, ತುದಿಗಾಲಲ್ಲಿ ನಿಂತರೆ ಬೆರಳು ತಾಗುತ್ತದೆ. ಅದಕ್ಕೇ ಅವರು ದಿನವೂ ಅಲ್ಲಿಗೆ ಹೋಗುತ್ತಾರೆ. ಆ ಎತ್ತರದ ಲೆಕ್ಕ ಕೊಡಿ ಮೇಷ್ಟ್ರೇ.

ಮರುಳಸಿದ್ದಮ್ಮ

(ಕಾರ್ಡು)
ಹರಿಹರ
೨೧-೭-೧೯೫೮

ನೆಲುವಿನ ಎತ್ತರ ಒಪ್ಪಿದೆ. ಹೊಟ್ಟೆ ತುಂಬಿದವರು ಎಂದಿದ್ದ ಮಾತು ವಾಪಸು.

ಸೂರ್ಯ ಹುಟ್ಟುವ ಹೊತ್ತಿಗೆ ಒಂದು ಖಾಲಿ ಗಾಡಿ ಹರಿಹರದಿಂದ ದಾವಣಗೆರೆಗೆ ಹೊರಟಿತು. ಪೂರ್ತಿ ದಾರಿಗೆ ಅದಕ್ಕೆ ಮೂರು ತಾಸು ಬೇಕು. ಅದೇ ಹೊತ್ತಿಗೆ ಹತ್ತಿ ತುಂಬಿದ ಗಾಡಿ ದಾವಣಗೆರೆಯಿಂದ ಹರಿಹರಕ್ಕೆ ಹೊರಟಿತು. ಅದಕ್ಕೆ ಆರು ತಾಸು. ಎರಡೂ ಎಷ್ಟು ಹೊತ್ತಿಗೆ ಎದುರಾಗುತ್ತವೆ?

ವಾ.

ದಾವಣಗೆರೆ
೩೦-೭-೧೯೫೮

ಪೂಜ್ಯ ಮೇಷ್ಟ್ರಿಗೆ ಶರಣು.

ಹಾಲಮ್ಮನ ಉತ್ತರ ಅವಳ ಅಕ್ಷರದಲ್ಲೇ ಇಟ್ಟಿದ್ದೇನೆ. ನಾನು ಹಪ್ಪಳದ ಹಿಟ್ಟಿನಲ್ಲಿ ಕೈ ಇಟ್ಟಿದ್ದೆ, ಹತ್ತಿರ ಸುಳಿದಿಲ್ಲ.

"ಎರಡು ತಾಸಿಗೆ. ದಾರಿಯನ್ನು ಮೂರು ಪಾಲು ಮಾಡಿದರೆ ಖಾಲಿ ಗಾಡಿ ಎರಡು ಪಾಲು ಬರುವಷ್ಟರಲ್ಲಿ ತುಂಬಿದ ಗಾಡಿ ಒಂದು ಪಾಲು ಬರುತ್ತದೆ. ಆದರೆ ನಡುವೆ ಎತ್ತಿಗೆ ನೀರು ಕುಡಿಸಬೇಕು. ಆದ್ದರಿಂದ ಎರಡೂವರೆ ತಾಸು."

ಮರುಳಸಿದ್ದಮ್ಮ

ಹರಿಹರ
೬-೮-೧೯೫೮

ಚಿ. ಸೌ. ಮರುಳಸಿದ್ದಮ್ಮನಿಗೆ ಆಶೀರ್ವಾದಗಳು.

ಎತ್ತಿಗೆ ನೀರು! ಆ ಲೆಕ್ಕವನ್ನು ನಾನು ಎಷ್ಟು ಮಕ್ಕಳಿಗೆ ಕೊಟ್ಟಿದ್ದೇನೋ ನನಗೇ ತಿಳಿಯದು. ಎಲ್ಲರ ಎತ್ತುಗಳೂ ಇಷ್ಟು ವರ್ಷ ಬಾಯಾರಿಕೊಂಡೇ ನಡೆದವು. ನಿನ್ನ ಮಗಳಿಗೆ ಮಾತ್ರ ಅವುಗಳ ನಾಲಿಗೆ ಕಂಡಿತು. ಭಿನ್ನರಾಶಿ ಮುಟ್ಟದೆ ದಾರಿಯನ್ನೇ ಪಾಲು ಮಾಡಿದ್ದು ಕೂಡ ಸಾಮಾನ್ಯವಲ್ಲ.

ಕಾಗದ ಕಿಸೆಯಲ್ಲಿಟ್ಟುಕೊಂಡು ಸೇತುವೆಯ ತನಕ ಹೋದೆ. ಹೊಳೆ ಎರಡೂ ದಂಡೆ ತುಂಬಿ ಹರಿಯುತ್ತಿದೆ. ಅದರ ಮೇಲೆ ಮೋಡದ ನೆರಳು ಹೋಗುವಾಗ ನೀರೇ ನಿಂತು ಸೇತುವೆ ಹೊರಟ ಹಾಗೆ ಕಾಣುತ್ತದೆ. ಈ ವಯಸ್ಸಿನಲ್ಲಿ ನನಗೊಬ್ಬಳು ಶಿಷ್ಯೆ ಸಿಕ್ಕಳಲ್ಲ ಎಂದು ಅಲ್ಲೇ ನಿಂತು ನಕ್ಕೆ. ನೀನು ಅವಳ ಅಳತೆ ತಪ್ಪಾಗಿ ಹೇಳಿದ್ದೀಯ.

ಮುಂದಿನದು ನಾಳೆ ಕಾರ್ಡಿನಲ್ಲಿ ಬರುತ್ತದೆ. ಮೂಟೆಗಳ ಒಟ್ಟಿಲು: ತಳದ ಸಾಲಿನಲ್ಲಿ ಹತ್ತು, ಅದರ ಮೇಲೆ ಒಂಬತ್ತು, ಹೀಗೆ ತುದಿಯಲ್ಲಿ ಒಂದು. ಎಲ್ಲ ಸೇರಿ ಎಷ್ಟು? ಒಂದೊಂದಾಗಿ ಎಣಿಸಬಾರದು.

ವಾಮದೇವಪ್ಪ

ದಾವಣಗೆರೆ
೨೨-೮-೧೯೫೮

ಪೂಜ್ಯ ಮೇಷ್ಟ್ರಿಗೆ ಶರಣು.

ನೀವು ಹೊಗಳಿದ್ದನ್ನು ನಮ್ಮನೆಯವರಿಗೆ ಹೇಳಿದೆ. ರೊಟ್ಟಿ ಇನ್ನೊಂದು ಹಾಕಿಸಿಕೊಂಡರು. ಶ್ರಾವಣದಲ್ಲಿ ಮಂಡಿಯಲ್ಲಿ ವ್ಯಾಪಾರ ಇಲ್ಲ. ಹಮಾಲರು ಹತ್ತಿಯ ಅಂಡಿಗೆಗಳ ಮೇಲೆ ಮಲಗಿರುತ್ತಾರೆ. ಹತ್ತಿಯ ಎಳೆಗಳು ಬಾಗಿಲ ಸಂದಿಯಿಂದ ತೇಲಿಬಂದು ಪಡಸಾಲೆಯ ಬಿಸಿಲಿನಲ್ಲಿ ಇಳಿಯುವುದೇ ತಿಳಿಯದ ಹಾಗೆ ಇಳಿಯುತ್ತವೆ. ಮಕ್ಕಳು ಪಾಟಿಯ ಮೇಲೆ ಅವನ್ನು ಹಿಡಿಯುತ್ತ ಕೂರುತ್ತಾರೆ. ಇವರು ಓದುತ್ತಿದ್ದಾರೋ ಕನಸು ಕಾಣುತ್ತಿದ್ದಾರೋ ಎಂದು ನಾನೂ ಗದರಿಸುವುದಿಲ್ಲ.

ಮೂಟೆಯ ಉತ್ತರ ಇದು: "ತುದಿಯ ಒಂದನ್ನು ಇಳಿಸಿ ಒಂಬತ್ತರ ಸಾಲಿಗೆ ಸೇರಿಸು, ಹತ್ತಾಯಿತು. ಎರಡನ್ನು ಎಂಟಕ್ಕೆ, ಮೂರನ್ನು ಏಳಕ್ಕೆ, ನಾಲ್ಕನ್ನು ಆರಕ್ಕೆ. ತಳದ ಹತ್ತೂ ಸೇರಿ ಐದು ಹತ್ತು. ಐದರ ಸಾಲು ಒಂಟಿ ಉಳಿಯಿತು. ಐವತ್ತೈದು. ಬೆನ್ನಿಗೂ ಸುಲಭ."

ಕೊನೆಯ ಮಾತು ಯಾಕೆ ಬರೆದಳೋ ತಿಳಿಯದು.

ಮರುಳಸಿದ್ದಮ್ಮ

ಹರಿಹರ
೧೦-೧೦-೧೯೫೮

ಚಿ. ಸೌ. ಮರುಳಸಿದ್ದಮ್ಮನಿಗೆ ಆಶೀರ್ವಾದಗಳು.

ಕಳೆದ ಕಾರ್ಡಿನಲ್ಲಿ ತಕ್ಕಡಿಯ ಲೆಕ್ಕ ಕೇಳಿದ್ದೆನಲ್ಲ, ಒಂದರಿಂದ ಹದಿಮೂರು ಸೇರಿನ ತನಕ ತೂಗಲು ಮೂರೇ ಕಲ್ಲು ಸಾಕೆ ಎಂದು. ಒಂದು, ಮೂರು, ಒಂಬತ್ತು ಸೇರಿನ ಕಲ್ಲು ಎಂದು ಬಂದಿದೆ. ಹನ್ನೊಂದು ಸೇರು ತೂಗಲು ಒಂದು ಸೇರಿನ ಕಲ್ಲನ್ನು ಮಾಲಿನ ಜೊತೆಗೇ ಇಡಬೇಕು, ಆಚೆ ತಟ್ಟೆಯಲ್ಲಿ ಒಂಬತ್ತೂ ಮೂರೂ. ಇದನ್ನು ಹನ್ನೆರಡು ವರ್ಷದ ಹುಡುಗಿ ಕಂಡುಕೊಂಡಳು!

ಮರುಳಸಿದ್ದಮ್ಮ, ನಾನು ಕನಸು ಕಾಣಲು ಶುರುಮಾಡಿದ್ದೇನೆ. ಒಂದು ಸಲ ಗಾಡಿಯವನ ಹಾಗೆ ಯೋಚಿಸುತ್ತಾಳೆ, ಒಂದು ಸಲ ಹಮಾಲನ ಹಾಗೆ, ಈಗ ತೂಗುವವನ ಹಾಗೆ. ಒಂದೇ ತಲೆಯಲ್ಲಿ ಇಷ್ಟು ದಾರಿ! ಉತ್ತರಗಳನ್ನು ಇಲ್ಲಿನ ಹೈಸ್ಕೂಲಿನ ಹೆಡ್‌ಮಾಸ್ತರರಿಗೆ ತೋರಿಸಿದೆ. ಮೆಟ್ಟಿಲ ಮೇಲೆ ಕೂತು ಅವಳು ಮೈಸೂರಿಗೆ ಹೋಗುವುದು, ಕನ್ನಡಕ ಹಾಕಿಕೊಂಡು ಕರಿಹಲಗೆಯ ಮುಂದೆ ನಿಲ್ಲುವುದು ಎಲ್ಲ ನೋಡುತ್ತೇನೆ. ಯುಗಾದಿಯ ಚಿಂತೆ ಬಿಡು. ಒಂದು ಮಾತಲ್ಲ, ಒಂದು ಹಾಳೆ ಬರೆದುಕೊಡುತ್ತೇನೆ.

ವಾಮದೇವಪ್ಪ

ದಾವಣಗೆರೆ
೧೭-೧೧-೧೯೫೮

ಪೂಜ್ಯ ಮೇಷ್ಟ್ರಿಗೆ ಶರಣು.

ದೀಪಾವಳಿಯ ಕೆಲಸದಲ್ಲಿ ಬರೆಯಲಾಗಲಿಲ್ಲ. ಎಲ್ಲರೂ ಆರೋಗ್ಯ.

ಹಾಲಮ್ಮನ ಉತ್ತರಗಳನ್ನು ದಯವಿಟ್ಟು ಯಾರಿಗೂ ತೋರಿಸಬೇಡಿ. ಮೈಸೂರಿನ ತನಕ ಯೋಚಿಸಬೇಡಿ. ಮಕ್ಕಳು ಇಂದು ಇದ್ದ ಹಾಗೆ ನಾಳೆ ಇರುವುದಿಲ್ಲ.

ಇನ್ನು ಮೇಲೆ ಲೆಕ್ಕವನ್ನು ಕಾರ್ಡಿನಲ್ಲಿ ಬರೆಯಬೇಡಿ. ಕವರಿನಲ್ಲಿಟ್ಟು ಅಂಟಿಸಿ ನನ್ನ ಹೆಸರಿಗೆ ಕಳಿಸಿ. ಕಾರ್ಡಿನ ಮೇಲೆ ಅವರಿವರ ಎಣ್ಣೆಗೈ ಬಿದ್ದು ಅಕ್ಷರ ಕಾಣುವುದಿಲ್ಲ.

ಮರುಳಸಿದ್ದಮ್ಮ

ಹರಿಹರ
೨೫-೧೧-೧೯೫೮

ಚಿ. ಸೌ. ಮರುಳಸಿದ್ದಮ್ಮನಿಗೆ ಆಶೀರ್ವಾದಗಳು.

ನಿನ್ನ ಕಾಗದ ಓದಿ ನಗು ಬಂತು. ದೃಷ್ಟಿಯಾದೀತೆಂದು ಹೆದರಿದ್ದೀಯ ಅಲ್ಲವೆ? ತಾಯಂದಿರೆಲ್ಲ ಹೀಗೇ. ಆಗಲಿ, ಕವರಿನಲ್ಲೇ ಕಳಿಸಿದ್ದೇನೆ. ಪೆಟ್ಟಿಗೆಯ ತಳದಲ್ಲಿದ್ದ ಲೆಕ್ಕ ಇದು. ಎಲ್ಲರಿಗೂ ಕೊಟ್ಟದ್ದಲ್ಲ.

ಹೊಳೆಯ ಈ ದಂಡೆಯಲ್ಲಿ ನಿಂತಿದ್ದೀರಿ. ಆ ದಂಡೆಯ ಅಂಚಿನಲ್ಲಿ ಒಂದು ಮರ ಇದೆ. ನೀರಿಗಿಳಿಯಬಾರದು, ಸೇತುವೆ ಹತ್ತಬಾರದು, ದೋಣಿ ಕರೆಯಬಾರದು. ಒಂದು ಹಗ್ಗ, ಕೆಲವು ಗೂಟ ಕೊಡುತ್ತೇನೆ. ಹೊಳೆಯ ಅಗಲ ತಿಳಿಯುವುದು ಹೇಗೆ?

ವಾಮದೇವಪ್ಪ

ದಾವಣಗೆರೆ
೧೮-೧೨-೧೯೫೮

ಪೂಜ್ಯ ಮೇಷ್ಟ್ರಿಗೆ ಶರಣು.

ಈ ಕಾಗದವನ್ನು ಕೂತು ಓದಿ.

ಮಂಡಿಯಲ್ಲಿ ಒಂದು ಕಟ್ಟಳೆ ಇದೆ. ಯಾರಾದರೂ ಕಾರ್ಡಿನಲ್ಲಿ ಹತ್ತಿಯ ಧಾರಣೆ ಕೇಳಿದರೆ ಅಂದಿನ ಟಪಾಲಿಗೇ ಜವಾಬು ಹೋಗಬೇಕು. ಇಲ್ಲದಿದ್ದರೆ ಅಂಗಡಿಯ ಮರ್ಯಾದೆ ಹೋದ ಹಾಗೆ. ನಮ್ಮ ಗುಮಾಸ್ತ ಅಂಜಿನಪ್ಪ ಬಂದ ಕಾರ್ಡುಗಳನ್ನೆಲ್ಲ ಗಟ್ಟಿಯಾಗಿ ಓದಿ, ಪ್ರಶ್ನೆ ಇದ್ದರೆ ಅಂಗಡಿಯಲ್ಲಿದ್ದವರು ಹೇಳಿದ ಉತ್ತರವನ್ನು ಹೇಳಿದವರ ಹೆಸರಿನ ಸಮೇತ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತಾನೆ. ನಿಮ್ಮ ಕಾರ್ಡನ್ನೂ ಹಾಗೇ ಓದಿದ್ದಾನೆ. ಅದೂ ಪ್ರಶ್ನೆಯೇ ತಾನೆ?

ಅಕ್ಟೋಬರಿನ ಕೊನೆಗೆ ಅವನು ನಡುಬಾಗಿಲಿಗೆ ಬಂದು, "ಅಕ್ಕಾರೆ, ಹರಿಹರದ ತಕ್ಕಡಿ ಕಾರ್ಡಿಗೆ ಜವಾಬು ಮುಟ್ಟಿತೇನ್ರಿ?" ಎಂದು ಕೇಳಿದಾಗಲೇ ನನಗೆ ಗೊತ್ತಾದದ್ದು. ಹಳೆಯ ಕಾರ್ಡುಗಳನ್ನು ತೆಗೆದು ಬೆಳಕಿಗೆ ಹಿಡಿದೆ. ಎತ್ತಿನ ಬಾಯಾರಿಕೆ ಗಾಡಿ ಹೊಡೆಯುವ ಭರಮಣ್ಣನದು. ಮೂಟೆ ಇಳಿಸಿದವನು ಹಮಾಲ ಬುಡನ್ ಸಾಬ್. ಮೂರು ಕಲ್ಲಿನ ಉತ್ತರ ಯಾರದೆಂದು ಹೇಳಲಿ? ಅಕ್ಷರ ನಮ್ಮನೆಯವರದು. ಊಟಕ್ಕೆ ಬಂದಾಗ ಕಾರ್ಡು ಮಕ್ಕಳಿಗೆ ಕೊಡುತ್ತಾರೆ, ಕೊಟ್ಟವರು ಬಾಯಿ ಕಟ್ಟಿಕೊಳ್ಳಲಾರದೆ ಉತ್ತರವನ್ನೂ ಹೇಳಿಬಿಡುತ್ತಾರೆ. ಅಪ್ಪ ಹೇಳಿದ ಮೇಲೆ ಹಾಲಮ್ಮ ಬೇರೆ ಬರೆಯುವುದುಂಟೆ? ಒಂದಕ್ಷರ ಬಿಡದೆ ಬರೆದಿದ್ದಾಳೆ. ಮಗಳೂ ಅದೇ ಉತ್ತರ ತೆಗೆದಳು ಎಂದು ಅವರು ನಂಬಿದ್ದಾರೆ. ಅವಳು ಮೋಸ ಮಾಡಲಿಲ್ಲ ಮೇಷ್ಟ್ರೇ, ಹೇಳಿದ್ದು ಕೇಳಿದಳು ಅಷ್ಟೆ.

ಗೊತ್ತಾದ ಮೇಲೂ ಸುಮ್ಮನಿದ್ದವಳು ನಾನು. ಯುಗಾದಿ ಕಣ್ಣ ಮುಂದೆ ಇತ್ತು.

ಹೊಳೆಯ ಲೆಕ್ಕ ಮಾತ್ರ ಮಂಡಿಗೆ ಹೋಗಿಲ್ಲ. ನನ್ನ ಹೆಸರಿನ ಕವರನ್ನು ಒಡೆಯದೆ ಒಳಗೆ ಕೊಡುತ್ತಾರೆ. ಮಂಗಳನ ಉತ್ತರ: "ಆಚೆ ದಂಡೆಯವರನ್ನು ಕೂಗಿ ಕೇಳುವುದು." ಹಾಲಮ್ಮನದನ್ನು ಇದರ ಜೊತೆ ಇಟ್ಟಿದ್ದೇನೆ. ಇದೇ ನನ್ನ ಮಗಳ ಸರಿಯಾದ ಅಳತೆ.

ಮರುಳಸಿದ್ದಮ್ಮ

(ಜೊತೆಗಿದ್ದ ಹಾಳೆ)

ಮೇಷ್ಟ್ರಜ್ಜನಿಗೆ ಹಾಲಮ್ಮ ಮಾಡುವ ನಮಸ್ಕಾರಗಳು.

ನನಗೆ ಉತ್ತರ ಬರಲಿಲ್ಲ. ಹಗ್ಗ ಗೂಟ ಇಟ್ಟುಕೊಂಡು ಏನು ಮಾಡಬೇಕೋ ತಿಳಿಯಲಿಲ್ಲ. ಆದರೆ ಹೊಳೆ ನಮ್ಮ ಮನೆಗೆ ಬಂದಿದೆ. ಜೋಳ ಹಸನು ಮಾಡುವಾಗ ಮೊರದ ಆ ಅಂಚು ಆಚೆ ದಂಡೆ, ಈ ಅಂಚು ಈಚೆ ದಂಡೆ. ಅಂಗಳದಲ್ಲಿ ಬಿಸಿಲು ಬಿದ್ದರೆ ಅದೂ ಹೊಳೆ. ನೀರಿಗಿಳಿಯಬಾರದು ಎಂದಿದ್ದೀರಲ್ಲ, ಅದಕ್ಕೆ ನಾನು ಸುತ್ತು ಹಾಕಿ ಹೋಗುತ್ತೇನೆ. ಅಜ್ಜಿ ಬೈಯುತ್ತಾರೆ.

ಮರ ಯಾವುದು ಎಂದು ನೀವು ಬರೆದಿಲ್ಲ. ನಾನು ಹುಣಸೆಮರ ಅಂದುಕೊಂಡಿದ್ದೇನೆ. ಮಂಗಳ ಬೇವು ಅನ್ನುತ್ತಾಳೆ. ನಿನ್ನೆ ಅಂಗಳದಲ್ಲಿ ಒಂದು ಗೂಟ ನೆಟ್ಟು ಅದರ ಮೇಲಿಂದ ಬಾವಿಕಟ್ಟೆ ನೋಡಿದೆ. ನಾನು ಪಕ್ಕಕ್ಕೆ ಸರಿದರೆ ಬಾವಿಯೂ ಗೂಟದ ಹಿಂದೆ ಸರಿದ ಹಾಗೆ ಕಾಣುತ್ತದೆ. ಯಾಕೆಂದು ಗೊತ್ತಿಲ್ಲ. ದಿನಾ ನೋಡುತ್ತೇನೆ.

ಉತ್ತರ ಗೊತ್ತಾದರೆ ಹೊಳೆ ಹೊರಟುಹೋಗುತ್ತದಾ? ಹಾಗಿದ್ದರೆ ಇನ್ನೂ ಹೇಳಬೇಡಿ.

ಹಾಲಮ್ಮ

ದಾವಣಗೆರೆ
೨೦-೧-೧೯೫೯

ಪೂಜ್ಯ ಮೇಷ್ಟ್ರಿಗೆ ಶರಣು.

ಸಂಕ್ರಾಂತಿಯ ಎಳ್ಳು ಬೆಲ್ಲ ಹರಿಹರಕ್ಕೆ ಬರುವವರ ಕೈಯಲ್ಲಿ ಕಳಿಸಿದ್ದೆ. ಮುಟ್ಟಿತೆ? ಸಿಟ್ಟಾಗಿದ್ದರೆ ಬೈದಾದರೂ ಬರೆಯಿರಿ.

ಕಾರ್ಡು ನಿಂತ ಮೇಲೆ ಅಂಗಡಿಯಲ್ಲಿ ಏನೋ ಕಳೆದುಹೋದ ಹಾಗಿದೆ. ಬುಡನ್ ಸಾಬ್ ಟಪಾಲಿನವನ ಚೀಲದೊಳಗೇ ಇಣುಕುತ್ತಾನಂತೆ. ನಮ್ಮನೆಯವರೂ ಊಟಕ್ಕೆ ಕೂತಾಗ, "ನಿಮ್ಮ ಮೇಷ್ಟ್ರು ಆರಾಮ ಅದಾರೇನು?" ಎಂದು ಕೇಳುತ್ತಾರೆ. ಕೇಳಿ, ಏನೂ ಕೇಳಲೇ ಇಲ್ಲವೇನೋ ಎಂಬಂತೆ ಸಾರಿಗೆ ಕೈಹಾಕುತ್ತಾರೆ.

ಮರುಳಸಿದ್ದಮ್ಮ

ದಾವಣಗೆರೆ
೨೩-೨-೧೯೫೯

ಮೇಷ್ಟ್ರೇ,

ಯುಗಾದಿ ಹತ್ತಿರ ಬಂತು. ಪಾಟಿ ಇಡಲು ಅಟ್ಟದ ಮೇಲೆ ಜಾಗ ಮಾಡಿದ್ದಾರೆ ನಮ್ಮ ಅತ್ತೆಯವರು. ಹಾಲಮ್ಮ ನನ್ನನ್ನು ಏನೂ ಕೇಳುವುದಿಲ್ಲ. ಆ ಗೂಟ ಮಾತ್ರ ಅಂಗಳದಲ್ಲಿ ಇನ್ನೂ ಇದೆ.

ಮರುಳಸಿದ್ದಮ್ಮ

ಹರಿಹರ
೧೨-೩-೧೯೫೯

ಚಿ. ಸೌ. ಮರುಳಸಿದ್ದಮ್ಮನಿಗೆ ಆಶೀರ್ವಾದಗಳು.

ಸಿಟ್ಟು ಬಂದಿತ್ತು. ನಿನ್ನ ಮೇಲಲ್ಲ ಎಂದರೆ ಸುಳ್ಳಾಗುತ್ತದೆ. ಹೆಡ್‌ಮಾಸ್ತರರು ಎದುರಾದಾಗಲೆಲ್ಲ "ನಿಮ್ಮ ದಾವಣಗೆರೆ ಶಿಷ್ಯೆ ಹೇಗಿದ್ದಾಳೆ?" ಎಂದು ಕೇಳುತ್ತಾರೆ. ನಾನು ಛತ್ರಿ ಅಡ್ಡ ಹಿಡಿದು ಬೇರೆ ಓಣಿಗೆ ತಿರುಗುತ್ತೇನೆ. ನನ್ನ ಮೈಸೂರು, ನನ್ನ ಕರಿಹಲಗೆ ಎಲ್ಲ ಹೊಳೆಯಲ್ಲಿ ತೊಳೆದ ಹುಣಸೆಹಣ್ಣಾಯಿತು. ಬಹಳ ನೋವಾಯಿತು ಮಗಳೇ. ಮುದುಕನಾದ ಮೇಲೆ ಒಂದು ಕನಸು ಕಂಡಿದ್ದೆ.

ಹಾಲಮ್ಮನ ಹಾಳೆಯನ್ನು ಅಂದು ಸರಿಯಾಗಿ ಓದಲೇ ಇಲ್ಲ. ಉತ್ತರ ಬಂದಿಲ್ಲ ಎಂದು ನೋಡಿ ಮಡಿಸಿಟ್ಟುಬಿಟ್ಟೆ. ಮೊನ್ನೆ ಮೆಟ್ಟಿಲ ಮೇಲೆ ಕೂತು ಮತ್ತೆ ತೆಗೆದೆ. ಹೊಳೆ ಈಗ ಸಣ್ಣಗಾಗಿದೆ, ನಡುವೆ ಮರಳು ಎದ್ದಿದೆ, ಎಮ್ಮೆಗಳು ನಿದ್ದೆಯಲ್ಲೇ ದಾಟುತ್ತವೆ. ಆ ಲೆಕ್ಕವನ್ನು ನಾನು ಕೊಟ್ಟ ಚುರುಕು ಹುಡುಗರೆಲ್ಲ ಒಂದೇ ತಾಸಿನಲ್ಲಿ ಬಿಡಿಸಿ ಪಾಟಿ ಒರೆಸಿದರು. ಅವರಿಗೆ ಲೆಕ್ಕ ಒಂದು ಬಾಗಿಲು, ತಳ್ಳಿಕೊಂಡು ಆಚೆ ಹೋದರು. ನಿನ್ನ ಮಗಳು ಹೊಸ್ತಿಲ ಮೇಲೆ ಕೂತುಬಿಟ್ಟಳು. ಮರ ಯಾವುದು ಎಂದು ಇಷ್ಟು ವರ್ಷದಲ್ಲಿ ಒಬ್ಬನೂ ಕೇಳಿರಲಿಲ್ಲ. ತಲೆಯೆತ್ತಿ ನೋಡಿದೆ. ಆಚೆ ದಂಡೆಯಲ್ಲಿರುವುದು ಹುಣಸೆಯೇ. ನನಗೇ ಗೊತ್ತಿರಲಿಲ್ಲ.

ಆ ಗೂಟದ ಬಳಿ ಅವಳು ನಿಂತ ಜಾಗ ಸರಿಯಾಗಿದೆ. ಉತ್ತರ ಅಲ್ಲೇ ಹತ್ತಿರದಲ್ಲಿದೆ. ನಾನು ಹೇಳುವುದಿಲ್ಲ.

ಆದರೆ ಜಾಣೆ ಎಂದು ಬರೆಯಲಾರೆ. ಅವಳು ಜಾಣೆಯಲ್ಲ. ಯುಗಾದಿಗೆ ಮುಂಚೆ ನಿನ್ನ ಯಜಮಾನರಿಗೆ ಒಂದು ಕಾರ್ಡು ಬರೆಯುತ್ತೇನೆ, ಇದ್ದದ್ದು ಇದ್ದ ಹಾಗೆ.

ವಾಮದೇವಪ್ಪ

ದಾವಣಗೆರೆ
೧೭-೩-೧೯೫೯

ಮೇಷ್ಟ್ರೇ, ನಿಮ್ಮ ಕಾಲಿಗೆ ಬೀಳುತ್ತೇನೆ. ಬರೆಯಲೇಬೇಕಾದರೆ ಕವರಿನಲ್ಲಿ ಬರೆಯಿರಿ. ಕಾರ್ಡು ಬರೆದರೆ ಇಡೀ ಮಂಡಿ ಓದುತ್ತದೆ. ಮಗಳು ಜಾಣೆಯಲ್ಲ ಎಂದು ನಾಲ್ಕು ಜನರ ಮುಂದೆ ಕೇಳಿಸಿಕೊಂಡರೆ ಅವರು ಮತ್ತೆ ಪಾಟಿ ಮುಟ್ಟಗೊಡುವುದಿಲ್ಲ.

ಮರುಳಸಿದ್ದಮ್ಮ

(ಕಾರ್ಡು)
ಹರಿಹರ
೩೦-೩-೧೯೫೯

ಶ್ರೀ ಕರಿಬಸವರಾಜಪ್ಪನವರಿಗೆ ವಾಮದೇವಪ್ಪನ ಶರಣು.

ತಮ್ಮ ಮಗಳು ಹಾಲಮ್ಮ ಜಾಣೆಯಲ್ಲ. ನಾನು ಹೊಗಳಿದ್ದೆಲ್ಲ ತಮ್ಮ ಮಂಡಿಗೆ ಸಲ್ಲಬೇಕಾದದ್ದು. ಎತ್ತಿಗೆ ನೀರು ಕುಡಿಸಿದವರಿಗೆ, ಮೂಟೆ ಇಳಿಸಿದವರಿಗೆ, ಮೂರು ಕಲ್ಲಿನಲ್ಲಿ ತೂಗಿದವರಿಗೆ ನನ್ನ ಶಹಬ್ಬಾಸ್.

ಹಾಲಮ್ಮ ಎಲ್ಲರ ಹಾಗಿದ್ದಾಳೆ. ಎಲ್ಲರ ಹಾಗಿರುವವರಿಗೆ ಒಂದು ಲೆಕ್ಕದಿಂದ ಎಷ್ಟು ಸುಖ ಸಿಗುತ್ತದೆ ಎಂದು ತಮ್ಮ ಅಂಗಡಿಗೆ ನಾನು ಹೇಳಬೇಕಾಗಿಲ್ಲ. ಜಾಣರು ಯಾರೂ ಹೇಳಿಕೊಡದಿದ್ದರೂ ಕಲಿತುಕೊಳ್ಳುತ್ತಾರೆ. ಇವಳು ಬಿಟ್ಟರೆ ಬಿಟ್ಟ ಹಾಗೆಯೇ.

ಯುಗಾದಿಯ ಮೇಲೆ ಅವಳಿಗೆ ಲೆಕ್ಕ ಕಳಿಸುವುದೋ, ಬೇಡವೋ? ಮರುಟಪಾಲಿಗೆ ಜವಾಬು ಬೇಕು.

ವಾ.

ದಾವಣಗೆರೆ
೧-೪-೧೯೫೯

ಪೂಜ್ಯ ಮೇಷ್ಟ್ರಿಗೆ ಶರಣು.

ಕೊನೆಗೂ ಕಾರ್ಡೇ ಬರೆದಿರಿ. ನಿಮ್ಮ ಹಠ!

ಮಧ್ಯಾಹ್ನ ನಡುಬಾಗಿಲ ಹಿಂದೆ ನಿಂತಿದ್ದೆ. ಅಂಜಿನಪ್ಪ ಎಂದಿನಂತೆ ಗಟ್ಟಿಯಾಗಿ ಶುರುಮಾಡಿದ. ಮೊದಲ ಸಾಲಿಗೇ ಅವನ ದನಿ ಇಳಿಯಿತು. "ಓದು" ಅಂದರು ನಮ್ಮನೆಯವರು. ಪೂರ್ತಿ ಓದಿದ.

ಬುಡನ್ ಸಾಬನೇ ಮೊದಲು ಮಾತಾಡಿದ. "ಹಂಗಾರೆ ಹುಡುಗಿ ನಮ್ಮಂಗೇ ಐತೆ ಅನ್ರಿ ಧಣೀ."

ಭರಮಣ್ಣ, "ಎತ್ತಿಗೆ ನೀರು ಅಂದಿದ್ದು ನಾನು. ಮೇಷ್ಟ್ರು ಶಹಬ್ಬಾಸ್ ಅಂದಾರ, ಕೇಳಿದ್ಯಾ?" ಎಂದು ಪಕ್ಕದವರಿಗೆಲ್ಲ ಹೇಳಿದ. ಕೊನೆಗೆ ಅಂಜಿನಪ್ಪ ಮೆಲ್ಲಗೆ, "ಧಣೀ, ಕಾರ್ಡಿನಾಗ ಪ್ರಶ್ನೆ ಐತೆ. ಟಪಾಲಿನ ಹೊತ್ತಾತು" ಅಂದ.

ನಮ್ಮನೆಯವರು ಎದ್ದು ಒಳಗೆ ಬಂದರು. ನನ್ನನ್ನು ನೋಡಲಿಲ್ಲ. ಹಾಲಮ್ಮ ಅಂಗಳದಲ್ಲಿ ಗೂಟದ ಹಿಂದೆ ಒಂದು ಕಣ್ಣು ಮುಚ್ಚಿ ನಿಂತಿದ್ದಳು.

"ಏನವ್ವ ಅದು?"

"ಹೊಳೆ ಲೆಕ್ಕ ಅಪ್ಪ. ಇಳೀದಂಗ, ದಾಟದಂಗ ಅಗಲ ತಿಳೀಬೇಕು."

"ಎಷ್ಟು ಬಂತು?"

"ಗೊತ್ತಿಲ್ಲ. ಹೇಳಬ್ಯಾಡ್ರಿ ಅಂತ ಮೇಷ್ಟ್ರಜ್ಜಗೆ ನಾನೇ ಬರೆದೀನಿ."

"ಯಾಕ?"

ಅವಳು ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಅವರು ಪಂಚೆ ಎತ್ತಿಕಟ್ಟಿ, ಗೂಟದ ಹಿಂದೆ ಕುಕ್ಕರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ಬಾವಿಕಟ್ಟೆ ನೋಡಿದರು. ಆ ಕಡೆ ಸರಿದರು, ಈ ಕಡೆ ಸರಿದರು. ಅಂಗಳದ ತುಂಬ ಬಿಸಿಲಿತ್ತು. ಊಟಕ್ಕೆ ಕರೆದರೂ ಬರಲಿಲ್ಲ. ಆಮೇಲೆ ಎದ್ದು ಹೋಗುವಾಗ, ಮೇಷ್ಟ್ರೇ, ಆ ಬಿಸಿಲನ್ನು ತುಳಿಯದೆ ಅಂಚಿನಲ್ಲಿ ಸುತ್ತು ಹಾಕಿ ಹೋದರು.

ಮುಂದೆ ಹೋಗಿ ಒಂದು ಕಾರ್ಡು ತೆಗೆದು ತಾವೇ ಬರೆದರು. ಅಂಜಿನಪ್ಪನಿಗೂ ತೋರಿಸಲಿಲ್ಲ. ನನ್ನ ಕಾಗದಕ್ಕಿಂತ ಮುಂಚೆ ಆ ಕಾರ್ಡು ನಿಮಗೆ ಮುಟ್ಟಿರುತ್ತದೆ. ಅದರಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ. ಬೇಗ ತಿಳಿಸಿ.

ಮರುಳಸಿದ್ದಮ್ಮ

(ಕಾರ್ಡು)
ಮಂಡಿಪೇಟೆ, ದಾವಣಗೆರೆ
೧-೪-೧೯೫೯

ಹರಿಹರದ ಶ್ರೀ ವಾಮದೇವಪ್ಪ ಮೇಷ್ಟ್ರ ಸನ್ನಿಧಿಗೆ ಕರಿಬಸವರಾಜನ ಶರಣು. ಇಲ್ಲಿ ಕ್ಷೇಮ, ತಮ್ಮ ಕ್ಷೇಮಕ್ಕೆ ಬರೆಯುವುದು.

ತಮ್ಮ ಕಾರ್ಡು ಇಂದು ಮುಟ್ಟಿತು. ಇಂದಿನ ಟಪಾಲಿಗೇ ಜವಾಬು ಬರೆದಿದೆ.

ಹಾಲಮ್ಮನಿಗೆ, ಸರ್ವಮಂಗಳನಿಗೆ ಲೆಕ್ಕಗಳನ್ನು ಇನ್ನು ಮುಂದೆ ಅಂಟಿಸಿದ ಕವರಿನಲ್ಲಿ ಕಳಿಸುವುದು. ಅಂಗಡಿಗೆ ಬೇರೆ ಕಾರ್ಡು ಕಳಿಸುವುದು. ಐದು ತಿಂಗಳಿಂದ ಲೆಕ್ಕ ಬಂದಿಲ್ಲ.

ಹೊಳೆಯ ಅಗಲ ಸದ್ಯ ತಿಳಿಸಕೂಡದು. ಮಗಳು ಇನ್ನೂ ಯೋಚಿಸುತ್ತಿದ್ದಾಳೆ.